ಹನ್ನೊಂದನೇ ನಂಬರಿನ ದಿಂಬು

ಜನವರಿ ೮, ಬುಧವಾರ

ಈ ನೋಟ್‌ಬುಕ್ಕಿಗೆ ವಿಳಾಸವಿಲ್ಲ. ಯಾವುದೋ ಪಾರ್ಸೆಲ್ಲಿನಿಂದ ಜಾರಿ ಬಿದ್ದು, ಮೂರು ತಿಂಗಳು ನಮ್ಮ ಅಂಚೆ ಬೋಗಿಯ ವಾರಸುದಾರರಿಲ್ಲದ ಡಬ್ಬಿಯಲ್ಲಿ ಕೊಳೆಯುತ್ತಿತ್ತು. ಇವತ್ತು ಡಬ್ಬಿ ಖಾಲಿ ಮಾಡುವಾಗ ಮೇಲಧಿಕಾರಿ "ಬೇಕಾದವರು ತಗೊಳ್ರಪ್ಪ" ಎಂದರು. ಉಳಿದವರು ಒಂದು ಹಳೇ ಛತ್ರಿಗೂ ಒಂದು ಜೊತೆ ಬೂಟಿಗೂ ಕಿತ್ತಾಡಿದರು. ನಾನು ಇದನ್ನು ಎತ್ತಿಕೊಂಡೆ. ಈ ರೈಲಿನಲ್ಲಿ ಮಾತಾಡುವವರಿಗಿಂತ ಮಲಗಿರುವವರೇ ಜಾಸ್ತಿ. ಬರೆದಾದರೂ ಸಿಟ್ಟು ಇಳಿಸಿಕೊಳ್ಳೋಣ.

ಸಿಟ್ಟು ಯಾರ ಮೇಲೆ ಅಂದರೆ, ಹಗಲು ಹನ್ನೊಂದರ ಮೇಲೆ. ನಮ್ಮ ಮೇಲ್ ಎಕ್ಸ್‌ಪ್ರೆಸ್‌ನಲ್ಲಿ ಎಂಜಿನ್ ಆದ ಮೇಲೆ ಅಂಚೆ ಬೋಗಿ, ಅದರ ಹಿಂದೆ ಸಿಬ್ಬಂದಿ ಬೋಗಿ. ಪ್ರಯಾಣಿಕರು ಅದನ್ನು ಕಂಡೇ ಇಲ್ಲ, ಮಧ್ಯದ ಬಾಗಿಲಿಗೆ ಸದಾ ಬೀಗ. ಒಳಗೆ ಹದಿನೆಂಟು ಹಾಸಿಗೆ, ಮೂವತ್ತಾರು ಜನ. ಅರ್ಧ ಜನ ದುಡಿಯುವಾಗ ಅರ್ಧ ಜನ ಮಲಗಬೇಕು. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಗಂಟೆ ಮೇಸ್ತ್ರಿ ಕೈಗಂಟೆ ಬಾರಿಸುತ್ತಾನೆ, ಪಾಳಿ ಬದಲಾಗುತ್ತದೆ. ಇಲ್ಲಿ ಹೆಸರು ಯಾರಿಗೂ ಬೇಡ. ಹಾಸಿಗೆಯ ಮೇಲಿನ ಹಿತ್ತಾಳೆ ನಂಬರೇ ಹೆಸರು. ರಾತ್ರಿಯೆಲ್ಲ ಕಾಗದ ವಿಂಗಡಿಸುವ ನಾನು ರಾತ್ರಿ ಹನ್ನೊಂದು. ಹಗಲೆಲ್ಲ ಊಟದ ಬೋಗಿಯ ಒಲೆಯ ಮುಂದೆ ನಿಲ್ಲುವ ಅಡುಗೆಯವನು ಹಗಲು ಹನ್ನೊಂದು.

ಅವನು ಎದ್ದುಹೋದ ಹಾಸಿಗೆಯಲ್ಲಿ ಹಿಟ್ಟು, ಈರುಳ್ಳಿ ವಾಸನೆ, ಹೊದಿಕೆಯ ಮಡಿಕೆಯಲ್ಲಿ ಒಂದು ಚಮಚ. ಇವತ್ತು ಚಮಚದ ಮೇಲೆ ಬಿದ್ದು ಪಕ್ಕೆಲುಬು ನೋಯುತ್ತಿದೆ. ಒಂದು ಮರ್ಯಾದೆ ಮಾತ್ರ ಅವನು ಬಿಟ್ಟಿಲ್ಲ: ಏಳುವಾಗ ದಿಂಬು ಮಗುಚಿ ಏಳುತ್ತಾನೆ. ಅದು ಬೋಗಿಯ ಪದ್ಧತಿ. ಬರುವವನಿಗೆ ತಣ್ಣನೆಯ ಮಗ್ಗುಲು ಸಿಗಬೇಕು. ಹಾಗಾಗಿ ಪ್ರತಿ ದಿಂಬಿಗೂ ಒಂದು ಮಗ್ಗುಲು ಹಗಲಿನವನದು, ಒಂದು ರಾತ್ರಿಯವನದು. ಇನ್ನೊಬ್ಬನ ಮಗ್ಗುಲಿಗೆ ತಲೆ ಹಾಕುವಂತಿಲ್ಲ.

ಚಮಚದ ವಿಷಯ ಮೇಸ್ತ್ರಿಗೆ ಬರೆದುಕೊಡುತ್ತೇನೆ. ನನಗೆ ನಿಯಮ ಅಂದರೆ ನಿಯಮ. ಸ್ವಂತ ಅಣ್ಣ ತಪ್ಪು ಮಾಡಿದರೂ ಬರೆದು ಮೇಲಕ್ಕೆ ಕಳಿಸುವವನು ನಾನು. ಹೆಂಡತಿ ಇದಕ್ಕೇ ನನಗೆ ಠಸ್ಸೆ, ಅಂದರೆ ಸರ್ಕಾರಿ ಮುದ್ರೆ, ಎಂದು ಹೆಸರಿಟ್ಟಿದ್ದಾಳೆ.

ಜನವರಿ ೧೨, ಭಾನುವಾರ

ಮನೆ. ಆರು ದಿನ ರೈಲು, ಎರಡು ದಿನ ಮನೆ, ಇದೇ ನಮ್ಮ ಲೆಕ್ಕ.

ಇಳಿಯುವಾಗ ಅಡುಗೆಯವನು ಊಟದ ಬೋಗಿಯ ಬಾಗಿಲಿಗೆ ಬಂದು ಒಂದು ಪೊಟ್ಟಣ ಕೊಟ್ಟ. "ನಿಮ್ಮನೇಲಿ ಮಗು ಇದೆಯೇನ್ರೀ? ಹಾಸಿಗೇಲಿ ಗೊಂಬೆ ಕಾಲು ಸಿಕ್ತು" ಎಂದ. ಅಂಟಿಸಿಕೊಡಲೆಂದು ಜೇಬಿಗೆ ಹಾಕಿಕೊಂಡು ಮರೆತ ಕಾಲು ಅದು. ಪೊಟ್ಟಣ ಬಿಚ್ಚಿದರೆ ಗೊಂಬೆಯ ಕಾಲಿನ ಜೊತೆ ಹಕ್ಕಿಯ ಆಕಾರದ ಪುಟ್ಟ ಬ್ರೆಡ್ಡು, ಕಣ್ಣಿಗೆ ಒಂದು ಒಣದ್ರಾಕ್ಷಿ.

ಮಗಳು ಪುಟ್ಟಿ ಮೊದಲು ಕಣ್ಣು ಕಿತ್ತು ತಿಂದಳು, ಆಮೇಲೆ ಕುರುಡು ಹಕ್ಕಿಯನ್ನು ಎದೆಗವುಚಿಕೊಂಡು ಮಲಗಿದಳು. ಎರಡೂವರೆ ವರ್ಷಕ್ಕೆ ಏನು ಗತ್ತು ಅಂತೀರಿ! "ಇಷ್ಟು ಒಳ್ಳೆಯವರ ಮೇಲೆ ಚಮಚಕ್ಕೆ ದೂರು ಕೊಟ್ಟು ಬಂದಿರಾ?" ಎಂದಳು ಹೆಂಡತಿ. ಚಮಚ ಬೇರೆ, ಹಕ್ಕಿ ಬೇರೆ ಎಂದೆ.

ಜನವರಿ ೩೦, ಗುರುವಾರ

ಅಡುಗೆಯವನಿಗೆ ಕೆಮ್ಮು. ಬೆಳಗ್ಗೆ ಹಾಸಿಗೆ ಬಿಟ್ಟುಕೊಡುವಾಗ ಕಂಬಿ ಹಿಡಿದುಕೊಂಡು ಕೆಮ್ಮಿದ. "ಏನ್ರೀ ಇದು, ಎಂಜಿನ್ನಿಗೆ ಪೈಪೋಟಿ ಕೊಡ್ತಿದೀರಾ?" ಎಂದೆ. ನಕ್ಕ. "ಒಲೆ ಹೊಗೆ ಕಣ್ರೀ, ಮೂವತ್ತು ವರ್ಷದ್ದು. ಸ್ವಲ್ಪ ಸ್ವಲ್ಪ ವಾಪಸ್ ಕೊಡ್ತಿದೀನಿ" ಎಂದ. ಮಾತಿಗೇನೂ ಕಡಿಮೆಯಿಲ್ಲ ಆಸಾಮಿ.

ಹಾಸಿಗೆ ಮೊದಲಿಗಿಂತ ಬಿಸಿಯಾಗಿರುತ್ತದೆ. ಈ ಚಳಿಗೆ ಅದೇ ಸುಖ, ನಾನು ಯಾಕೆ ದೂರಲಿ?

ಫೆಬ್ರವರಿ ೮, ಶನಿವಾರ

ಅಕ್ಷರ ಅಂಕುಡೊಂಕಾಗಿವೆ. ರೈಲು ನಿಂತೇ ಇದೆ, ತಪ್ಪನ್ನು ಅದರ ಮೇಲೆ ಹಾಕುವಂತಿಲ್ಲ.

ಮಧ್ಯಾಹ್ನ ಎರಡರ ಹೊತ್ತು. ಸಿಗ್ನಲ್ ಸಿಗದೆ ಬಯಲಿನಲ್ಲಿ ನಿಂತುಬಿಟ್ಟಿದ್ದೆವು, ಚಾವಣಿಯ ತಗಡು ಕಾದಿತ್ತು. ದಿಂಬು ಬೆವರಿನಿಂದ ಅಂಟುತ್ತಿತ್ತು. ಮಾಡಬಾರದ್ದನ್ನು ಮಾಡಿದೆ, ನಿದ್ದೆಗಣ್ಣಿನಲ್ಲಿ ದಿಂಬು ಮಗುಚಿದೆ. ಅಡುಗೆಯವನ ಮಗ್ಗುಲು ಮೇಲೆ ಬಂತು. ಪರದೆಯ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಬೆರಳಗಲದ ಕಂದುಗೆಂಪು ಕಲೆ, ಪಕ್ಕದಲ್ಲಿ ಒದ್ದೆ ಬಟ್ಟೆಯಿಂದ ಉಜ್ಜಿದ ಗುರುತು, ಅದರಾಚೆ ಮಾಸಿದ ಇನ್ನೆರಡು ಕಲೆ.

ಮೂಗಿನಿಂದ ಬಂದದ್ದಿರಬೇಕು ಅಂದುಕೊಂಡೆ. ಆದರೆ ನಮ್ಮ ಚಿಕ್ಕಪ್ಪ ಹೋದದ್ದು ಕ್ಷಯದಲ್ಲಿ. ಆಗ ನನಗೆ ಹತ್ತು ವರ್ಷ, ಅವರ ಕರವಸ್ತ್ರಗಳನ್ನು ಅಜ್ಜಿ ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಈ ಬಣ್ಣ ನನಗೆ ಹೊಸದಲ್ಲ.

ಎದ್ದು ಕುಳಿತೆ. ಎಷ್ಟು ದಿನದಿಂದ ಈ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಮಲಗಿದ್ದೇನೆ! ಇಲ್ಲಿಂದ ಎದ್ದುಹೋಗಿ ಪುಟ್ಟಿಯ ಕೆನ್ನೆಗೆ ಕೆನ್ನೆ ಒತ್ತಿದ್ದೇನೆ. ಸಂಜೆ ಆರರವರೆಗೆ ಹಾಸಿಗೆಯ ತುದಿಯಲ್ಲಿ ಕೂತೇ ಇದ್ದೆ. ಏಳುವಾಗ ಅಭ್ಯಾಸಬಲದಿಂದ ದಿಂಬು ಮಗುಚಿಬಿಟ್ಟೆ, ನೋಡಿ.

ಫೆಬ್ರವರಿ ೯, ಭಾನುವಾರ

ಬೆಳಗ್ಗೆ ಗಂಟೆ ಬಾರಿಸಲು ಹತ್ತು ನಿಮಿಷವಿರುವಾಗಲೇ ಹೋದೆ. ಅವನು ಎದ್ದು ದಿಂಬಿಗೆ ಕೈ ಹಾಕಿದ್ದ. ಆ ಕೈ ಹಿಡಿದುಕೊಂಡೆ.

"ಮಗುಚಬೇಡಿ. ನೋಡಿಬಿಟ್ಟಿದೀನಿ."

ಹಾಗೇ ಕುಳಿತುಬಿಟ್ಟ. ಇಷ್ಟು ಹತ್ತಿರದಿಂದ ಅವನ ಮುಖವನ್ನು ನಾನು ಬೆಳಕಿನಲ್ಲಿ ನೋಡಿದ್ದೇ ಕಡಿಮೆ. ವಯಸ್ಸಾದ ಮನುಷ್ಯ.

"ಯಾವಾಗಿಂದ?"

"ಚಳಿ ಶುರುವಾಗೋಕ್ಕೆ ಮುಂಚೆಯಿಂದ."

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸಿದ್ರೆ ಇಳಿಸ್ತಾರೆ."

"ಇಳೀರಿ ಮತ್ತೆ! ಇಳಿದು ಎಲ್ಲಾದ್ರೂ ವಾಸಿ ಮಾಡ್ಕೊಳ್ಳಿ!"

"ಎಲ್ಲಿಗೆ ಇಳೀಲಿ?" ಎಂದ. ಜಗಳಕ್ಕಲ್ಲ, ನಿಜವಾಗಿಯೂ ಕೇಳಿದ, ನನಗೆ ಗೊತ್ತಿರಬಹುದು ಎಂಬಂತೆ. "ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲೇ ಮಲಗೋದು ನಾನು. ನೀವೆಲ್ಲ ಮನೆಗೆ ಹೋದಾಗ ರೈಲು ಯಾರ್ಡಲ್ಲಿ ನಿಲ್ಲುತ್ತಲ್ಲ, ಆಗ್ಲೂ ಇಲ್ಲೇ. ಹೆಂಡ್ತಿ ಹೋದ ಮೇಲೆ ಬಾಡಿಗೆ ಕೋಣೇನೂ ಬಿಟ್ಟುಬಿಟ್ಟೆ. ಜೂನ್ ಮೂವತ್ತಕ್ಕೆ ಸರ್ವಿಸ್ ಪೂರ್ತಿ ಆಗುತ್ತೆ. ಪೂರ್ತಿ ಮಾಡಿದವರಿಗೆ ನಿವೃತ್ತರ ಮನೇಲಿ ಒಂದು ಕೋಣೆ ಕೊಡ್ತಾರೆ. ನೋಡ್ಕೊಂಡು ಬಂದಿದೀನಿ, ಕಿಟಕಿ ಇದೆ. ಮಧ್ಯದಲ್ಲಿ ಇಳಿಸಿದ್ರೆ ಅದೂ ಇಲ್ಲ."

"ನನ್ನ ಮನೇಲಿ ಎರಡೂವರೆ ವರ್ಷದ ಮಗು ಇದೆ ಕಣ್ರೀ."

"ಗೊತ್ತಲ್ಲ. ಹಕ್ಕಿ ಮಾಡಿಕೊಡ್ತೀನಲ್ಲ."

ಬೈಯಬೇಕೆಂದು ಬಾಯಿ ತೆರೆದೆ. ಗಂಟೆ ಹೊಡೆಯಿತು. ಅವನು ದಿಂಬು ಮಗುಚಿ, ಹೊದಿಕೆ ಕೊಡವಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಒಲೆಯ ಕಡೆ ಹೋದ. ನಾನು ಅದೇ ಹಾಸಿಗೆ ಹತ್ತಿದೆ. ಹತ್ತಿದೆ ಅಂದರೆ ಒಪ್ಪಿದೆ ಅಂತಲ್ಲ.

ಫೆಬ್ರವರಿ ೧೧, ಮಂಗಳವಾರ

ಗಂಟೆ ಮೇಸ್ತ್ರಿಯ ಹತ್ತಿರ ಹೋಗಿ ಹಾಸಿಗೆ ಬದಲಾಯಿಸಿಕೊಡಿ ಎಂದೆ.

"ಕಾರಣ?"

"ಸೊಂಟ ನೋವು."

"ರೀ, ಹನ್ನೊಂದು ಈ ಬೋಗಿಗೇ ಒಳ್ಳೇ ಹಾಸಿಗೆ. ಕೆಳಗೆ ಚಕ್ರ ಇಲ್ಲ, ಪಕ್ಕದಲ್ಲಿ ಕಕ್ಕಸಿಲ್ಲ. ಅಲ್ಲಿ ಸೊಂಟ ನೋಯೋದಾದ್ರೆ ನಾಲ್ಕನೇ ನಂಬರಲ್ಲಿ ಮಲಗಿದ್ರೆ ಸೊಂಟಾನೇ ಉಳಿಯಲ್ಲ. ಇನ್ನೇನಾದ್ರೂ ಕಾರಣ ಇದ್ರೆ ಬರ್ಕೊಡಿ, ಮೇಲಕ್ಕೆ ಕಳಿಸ್ತೀನಿ" ಎಂದು ಫಾರಂ ಕೊಟ್ಟ.

ಕಾರಣ ಬರೆಯುವ ಜಾಗ ಒಂದೇ ಗೆರೆ. ಫಾರಂ ಜೇಬಿನಲ್ಲಿದೆ. ಮೇಸ್ತ್ರಿಯ ತಲೆಯ ಮೇಲೇ ನೋಟೀಸು ನೇತುಹಾಕಿದೆ, ನಾನು ನೂರು ಸಲ ಓದಿರುವುದೇ: ಎದೆರೋಗವಿದ್ದವರನ್ನು ಕೂಡಲೇ ಇಳಿಸತಕ್ಕದ್ದು, ಗೊತ್ತಿದ್ದೂ ಮುಚ್ಚಿಟ್ಟವರನ್ನೂ ಇಳಿಸತಕ್ಕದ್ದು. ನನಗೆ ಗೊತ್ತಾಗಿ ಆಗಲೇ ಮೂರು ದಿನ.

ಫೆಬ್ರವರಿ ೧೩, ಗುರುವಾರ

ಇಳಿಯುವಾಗ ಪೊಟ್ಟಣ ಕೊಟ್ಟ. ಬೇಡ ಅನ್ನಲು ಬಾಯಿ ಬರಲಿಲ್ಲ. ಸೇತುವೆಯ ಮೇಲೆ ನಿಂತು ಹೊಳೆಗೆ ಎಸೆದೆ. ಮುಳುಗಲಿಲ್ಲ, ದ್ರಾಕ್ಷಿಯ ಕಣ್ಣು ಮೇಲೆ ಮಾಡಿಕೊಂಡು ತೇಲಿಹೋಯಿತು.

ಪುಟ್ಟಿ ನನ್ನ ಕೋಟಿನ ಎಲ್ಲ ಜೇಬು ಹುಡುಕಿದಳು. "ಹಕ್ಕಿ?"

"ಹಾರಿಹೋಯ್ತು ಕಂದಾ."

ಕಿಟಕಿಗೆ ಹೋಗಿ ಆಕಾಶ ನೋಡುತ್ತ ನಿಂತಳು. ಎತ್ತಿಕೋ ಎಂದು ಕೈ ಚಾಚಿದರೆ, ಅಪ್ಪನಿಗೆ ನೆಗಡಿ, ದೂರ ಇರು ಎಂದೆ. ಎರಡು ದಿನವೂ ಹಜಾರದಲ್ಲಿ ಬೇರೆ ಮಲಗಿದೆ. ಹೆಂಡತಿ ಮುಖ ಊದಿಸಿಕೊಂಡಿದ್ದಾಳೆ. ಅವಳಿಗೆ ಹೇಳಿದರೆ ಅವಳೇ ಸ್ಟೇಷನ್ನಿಗೆ ಬಂದು ರೈಲು ನಿಲ್ಲಿಸುತ್ತಾಳೆ. ಹಾಗಾಗಿ ಹೇಳಲಿಲ್ಲ.

ಮಾರ್ಚ್ ೬, ಗುರುವಾರ

ಮೂರು ಹಗಲು ಅಂಚೆ ಚೀಲಗಳ ಮೇಲೆ ಮಲಗಿದೆ. ಇವತ್ತು ಮೇಲಧಿಕಾರಿಯ ಕೈಗೆ ಸಿಕ್ಕಿಬಿದ್ದೆ. "ಹಾಸಿಗೆ ಕೊಟ್ಟಿರೋವಾಗ ಜನರ ಕಾಗದದ ಮೇಲೆ ಬಿದ್ದುಕೊಳ್ಳೋಕ್ಕೆ ನಿಮಗೇನ್ರೀ ಬಂತು? ಅದೂ ನೀವು!" ಎಂದರು. ಹದಿನಾಲ್ಕು ವರ್ಷದಲ್ಲಿ ನನ್ನ ಹೆಸರಿನ ಮುಂದೆ ಮೊದಲ ಕಪ್ಪು ಗುರುತು. ಮತ್ತೆ ಹನ್ನೊಂದಕ್ಕೆ ಹೋದೆ, ಇನ್ನೆಲ್ಲಿಗೆ ಹೋಗಲಿ?

ಮಾರ್ಚ್ ೨೨, ಶನಿವಾರ

ಸೂಪಿನ ದೊಡ್ಡ ಪಾತ್ರೆ ಎತ್ತಲು ಅಡುಗೆಯವರಿಗೆ ಆಗುತ್ತಿಲ್ಲ. ಪಾಳಿ ಮುಗಿಸಿ ಮಲಗುವ ಮುಂಚೆ ಐದು ನಿಮಿಷ ಹೋಗಿ ಒಲೆಯ ಮೇಲಿಟ್ಟು ಬರುತ್ತೇನೆ. ಬೇರೆ ಯಾರಾದರೂ ನೋಡಿದರೆ ಪ್ರಶ್ನೆ ಬರುತ್ತದೆ. ಮನೆಯಿಂದ ಇನ್ನೊಂದು ದಿಂಬಿನ ಚೀಲ ತಂದಿದ್ದೇನೆ, ಎರಡು ದಿನಕ್ಕೊಮ್ಮೆ ಬದಲಾಯಿಸಿ ಅವರದನ್ನು ನಾನೇ ಅಂಚೆ ಬೋಗಿಯ ತೊಟ್ಟಿಯಲ್ಲಿ ಒಗೆಯುತ್ತೇನೆ. ಧೋಬಿಗೆ ಹೋದರೆ ಮೇಸ್ತ್ರಿಗೆ ಗೊತ್ತಾಗುತ್ತದೆ. ಕಲೆ ಬಿಡಿಸಲು ತಣ್ಣೀರೇ ಬೇಕು, ಬಿಸಿನೀರು ಹಾಕಿದರೆ ಕೂತುಬಿಡುತ್ತದೆ. ಅಜ್ಜಿ ಹೇಳುತ್ತಿದ್ದದ್ದು ಈಗ ಉಪಯೋಗಕ್ಕೆ ಬಂತು.

"ಯಾಕ್ರೀ ಇಷ್ಟೆಲ್ಲ ಮಾಡ್ತೀರಿ?" ಎಂದರು.

"ಜೂನ್ ಮೂವತ್ತರವರೆಗೆ ಅಷ್ಟೇ" ಎಂದೆ. "ಆಮೇಲೆ ನೀವುಂಟು, ನಿಮ್ಮ ಕಿಟಕಿಯುಂಟು."

ಹಕ್ಕಿಯನ್ನು ಈ ಸಲ ಹೊಳೆಗೆ ಎಸೆಯುವುದಿಲ್ಲ. ಕೆಂಡದಂಥ ಒಲೆಯಿಂದ ಬಂದ ಬ್ರೆಡ್ಡಿನಲ್ಲಿ ಏನಿದ್ದೀತು?

ಏಪ್ರಿಲ್ ೧೫, ಮಂಗಳವಾರ

ಈ ಬೇಸಿಗೆಯಲ್ಲಿ ಚೀಲಗಳ ಧೂಳು ವಿಪರೀತ. ಒಂದು ಚೀಲ ಬಿಚ್ಚಿದರೆ ಹತ್ತು ನಿಮಿಷ ಕೆಮ್ಮು. ಪಕ್ಕದಲ್ಲಿ ಕಾಗದ ವಿಂಗಡಿಸುವವನು "ಎಂಜಿನ್ನಿಗೆ ಪೈಪೋಟಿಯಾ?" ಎಂದ. ಧೂಳಪ್ಪ, ಹದಿನಾಲ್ಕು ವರ್ಷದ್ದು, ಈಗ ವಾಪಸ್ ಕೊಡುತ್ತಿದ್ದೇನೆ ಎಂದೆ. ಎಲ್ಲರೂ ನಕ್ಕರು.

ಅಡುಗೆಯವರನ್ನು ಈಗೀಗ ಅಣ್ಣ ಎನ್ನುತ್ತೇನೆ. ಅಣ್ಣನಿಗೆ ಇವತ್ತು ಸ್ವಲ್ಪ ಪರವಾಗಿಲ್ಲ. ಬೆಳಗ್ಗೆ ದಿಂಬಿನ ಮೇಲೆ ಏನೂ ಇರಲಿಲ್ಲ.

ಮೇ ೪, ಭಾನುವಾರ

ಮನೆ. ಮಧ್ಯಾಹ್ನ ಒರಗಿಕೊಂಡಿದ್ದಾಗ ಪುಟ್ಟಿ ತಾನೇ ಎದೆಯ ಮೇಲೆ ಹತ್ತಿ ಮಲಗಿದಳು. ಇಳಿಸೋಣ ಅಂದುಕೊಂಡೆ. ಹತ್ತಿರ ಹತ್ತಿರ ಮೂರು ತಿಂಗಳು ದೂರವಿಟ್ಟು ಸಾಕಾಗಿಹೋಗಿದೆ. ಕೂದಲಿನಿಂದ ಸೋಪಿನ ವಾಸನೆ ಬರುತ್ತಿತ್ತು. ಒಂದೈದು ನಿಮಿಷ ಎಂದು ಬಿಟ್ಟೆ, ಅಲ್ಲೇ ನಿದ್ದೆ ಹೋದಳು.

ಎದ್ದವಳು ನನ್ನ ಎದೆಗೆ ಕಿವಿಯಿಟ್ಟು, ಕಣ್ಣು ಅಗಲ ಮಾಡಿ, "ಅಪ್ಪನ ಎದೇಲಿ ಬೆಕ್ಕಿದೆ!" ಎಂದಳು. ಹೆಂಡತಿಯನ್ನೂ ಕರೆದು ಕೇಳಿಸಿದಳು. ಹೆಂಡತಿಯೂ ಕಿವಿಯಿಟ್ಟು ನಕ್ಕಳು, ಆಮೇಲೆ "ಕಷಾಯ ಮಾಡ್ತೀನಿ, ಕಫ ಕಟ್ಟಿದೆ" ಎಂದಳು. ಇಡೀ ಸಂಜೆ ಪುಟ್ಟಿ ಬಂದು ಬಂದು ಎದೆಗೆ ಮೂತಿ ಒತ್ತಿ ಮಿಯಾಂವ್ ಅನ್ನುತ್ತಿದ್ದಳು. ಇಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಮೇ ೨೪, ಶನಿವಾರ

ಬೆಲ್ಟಿಗೆ ಹೊಸ ತೂತು ಹಾಕಿಸಿದೆ. ಬೇಸಿಗೆಗೆ ಊಟ ಸೇರುವುದಿಲ್ಲ. ಹಾಸಿಗೆ ನಾನು ಏಳುವಾಗಲೂ ಒದ್ದೆ, ಅಣ್ಣ ಏಳುವಾಗಲೂ ಒದ್ದೆ. ಇನ್ನು ಮೂವತ್ತೇಳು ದಿನ.

ಜೂನ್ ೧, ಭಾನುವಾರ

ಸಂಜೆ ಆರು. ಇಬ್ಬರೂ ಹಾಸಿಗೆಯ ಹತ್ತಿರವಿದ್ದಾಗ ಮೇಸ್ತ್ರಿ ಚೀಟಿ ಹಿಡಿದುಕೊಂಡು ಬಂದ. ಹನ್ನೆರಡನೇ ನಂಬರಿನವರಿಬ್ಬರೂ ದೂರು ಕೊಟ್ಟಿದ್ದಾರಂತೆ, ಪಕ್ಕದ ಪರದೆಯಿಂದ ಹಗಲೂ ಕೆಮ್ಮು, ರಾತ್ರಿಯೂ ಕೆಮ್ಮು, ನಿದ್ದೆಯಿಲ್ಲ ಎಂದು. ಮೇಸ್ತ್ರಿ ಅದನ್ನು ಹಾಗೇ ಮೇಲಕ್ಕೆ ಬರೆದ. ಕೊನೆಯ ಸ್ಟೇಷನ್ನಿನ ಡಾಕ್ಟರಿಂದ ಉತ್ತರ ಬಂದಿದೆ: ಹನ್ನೊಂದನೇ ನಂಬರನ್ನು ನಾಳೆ ಬೆಳಗ್ಗೆ ಕಳಿಸಿ.

"ಹನ್ನೊಂದು ಅಂದ್ರೆ ಇಬ್ಬರಿದೀರಿ. ಡಾಕ್ಟರಿಗೆ ಅದೆಲ್ಲ ಗೊತ್ತಿಲ್ಲ, ಒಂದು ನಂಬರಿಗೆ ಒಬ್ಬ ಅಂದ್ಕೊಂಡಿದಾರೆ" ಎಂದ ಮೇಸ್ತ್ರಿ. "ಯಾರ್ರೀ ಕೆಮ್ಮೋದು?"

ಅಣ್ಣ ನೆಲ ನೋಡುತ್ತಿದ್ದರು. ಉಳಿದಿರುವುದು ಇಪ್ಪತ್ತೊಂಬತ್ತು ದಿನ.

"ನಾನೇ ರೀ. ಚೀಲದ ಧೂಳು" ಎಂದೆ.

"ಹೋಗಿ ತೋರಿಸ್ಕೊಂಡು ಬನ್ನಿ ಹಾಗಾದ್ರೆ. ಸಹಿ ತಂದುಬಿಟ್ರೆ ನನ್ನ ತಲೆನೋವೂ ಮುಗೀತು."

ಅವನು ಹೋದ ಮೇಲೆ ಅಣ್ಣ ನನ್ನ ತೋಳು ಹಿಡಿದುಕೊಂಡರು. "ನನ್ನ ಎದೆ ಗಟ್ಟಿಮುಟ್ಟಾಗಿದೆ ಅಣ್ಣ" ಎಂದೆ. "ಡಾಕ್ಟರು ಎಷ್ಟು ತಟ್ಟಿದ್ರೂ ಧೂಳು ಬಿಟ್ರೆ ಇನ್ನೇನೂ ಸಿಗಲ್ಲ. ಹನ್ನೊಂದು ಪಾಸ್, ನೀವು ನೆಮ್ಮದಿಯಾಗಿ ಮಲಗಿ."

ಜೂನ್ ೨, ಸೋಮವಾರ

ಡಾಕ್ಟರು ಬೆನ್ನು ತಟ್ಟಿದರು. ಕೊಳವೆ ಇಟ್ಟು ಉಸಿರೆಳೆಯಿರಿ, ಬಿಡಿ ಎಂದರು. ಕೊಳವೆ ಸರಿಸಿದರು, ಮತ್ತೆ ಎಳೆಯಿರಿ ಎಂದರು. ನಾನು ಧೂಳಿನ ಕಥೆ ಹೇಳುತ್ತಲೇ ಇದ್ದೆ. "ಮಾತಾಡಬೇಡಿ" ಎಂದರು. ಒಂದು ಗಾಜಿನ ಬಟ್ಟಲು ಕೊಟ್ಟು ಕೆಮ್ಮಿ ಉಗುಳಿ ಎಂದರು, ಅದನ್ನು ಒಳಗೆ ತೆಗೆದುಕೊಂಡು ಹೋದರು. ಒಂದು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಗೋಡೆಯಲ್ಲಿ ಹಲ್ಲುಜ್ಜುವ ಚಿತ್ರ.

ಬಂದು ಕುಳಿತು ಹೇಳಿದರು. ಬಲಗಡೆ ಪೂರ್ತಿ, ಎಡಗಡೆ ಶುರುವಾಗಿದೆ.

"ಇರಲಾರದು" ಎಂದೆ. "ನನಗಲ್ಲ."

"ನಿಮಗೇ."

"ಸ್ವಾಮೀ, ನಾನು ಬಂದಿರೋದು ಬರೀ..." ಎಂದು ನಿಲ್ಲಿಸಿದೆ. ಬಂದಿರೋದು ಇನ್ನೊಬ್ಬರ ಬದಲಿಗೆ ಎಂದು ಹೇಗೆ ಹೇಳುವುದು?

"ಮನೇಲಿ ಯಾರ್ಯಾರಿದಾರೆ?"

"ಹೆಂಡತಿ. ಒಂದು ಹೆಣ್ಣುಮಗು."

"ಎಷ್ಟು ವರ್ಷ?"

"ಮೂರಕ್ಕೆ ಇನ್ನೆರಡು ತಿಂಗಳಿದೆ."

ಅವರ ಪೆನ್ನು ನಿಂತಿತು. ಆ ಪೆನ್ನು ಮುಂದಕ್ಕೆ ಹೋಗಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಹೋಗಲಿಲ್ಲ. ತಲೆಯೆತ್ತಿ, "ಮಗು ನಿಮ್ಮ ಹತ್ತಿರ ಮಲಗುತ್ತಾ?" ಎಂದರು. ಎದೆಯ ಮೇಲೆ, ಎಂದೆ.

ಆಮೇಲೆ ಹಾಸಿಗೆಯನ್ನು ಯಾರ ಜೊತೆ ಹಂಚಿಕೊಳ್ಳುತ್ತೀರಿ ಎಂದು ಕೇಳಿದರು. ನಾಲ್ಕು ತಿಂಗಳಿಂದ ಬಾಯಿಗೆ ಹಾಕಿಕೊಂಡಿದ್ದ ಬೀಗ ತಾನಾಗಿ ಕಳಚಿತು. ಫೆಬ್ರವರಿ ಎಂಟರಿಂದ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೩, ಮಂಗಳವಾರ

ಅಣ್ಣನನ್ನೂ ಕರೆಸಿದರು. ಬರುವಾಗಲೇ ಒಗೆದ ಅಂಗಿ ಹಾಕಿಕೊಂಡು, ಸಣ್ಣ ಪೆಟ್ಟಿಗೆ ಹಿಡಿದುಕೊಂಡು ಬಂದರು. ಇಪ್ಪತ್ತೊಂಬತ್ತು ವರ್ಷದ ಸಂಸಾರ ಒಂದು ಕೈಯಲ್ಲಿತ್ತು. ನಾನು ಮುಖ ತಿರುಗಿಸಿದೆ. ಅವರು ಬಂದು ಅದೇ ಬೆಂಚಿನ ಮೇಲೆ ಕುಳಿತರು.

"ನೀವು ಹೇಳಿದ್ದು ಸರಿ" ಎಂದರು. "ಫೆಬ್ರವರೀಲೇ ಹೇಳಬೇಕಿತ್ತು ನೀವು."

"ನೀವು ಬೇಡ ಅಂದ್ರಲ್ಲ ಅಣ್ಣ."

"ನಾನು ಅಂದೆ. ನೀವು ಯಾಕೆ ಕೇಳಿದ್ರಿ?" ಎಂದು ಅತ್ತುಬಿಟ್ಟರು. ಅಷ್ಟು ವಯಸ್ಸಾದವರು ಬಾಯಿ ತೆರೆದು ಅಳುವುದನ್ನು ನಾನು ನೋಡಿರಲಿಲ್ಲ. ಅಳು ಕೆಮ್ಮಾಯಿತು, ಅದು ನಿಲ್ಲುವಾಗ ನನ್ನದು ಶುರುವಾಯಿತು.

ಯಾರ್ಡಿನ ಕೊನೆಯಲ್ಲಿ ಗಂಟೆ ಮೇಸ್ತ್ರಿ ಹನ್ನೊಂದರ ಹಾಸಿಗೆ, ಹೊದಿಕೆ, ದಿಂಬು ರಾಶಿ ಹಾಕಿ ಸೀಮೆಎಣ್ಣೆ ಸುರಿದ. ಇಬ್ಬರೂ ದೂರದಿಂದ ನೋಡಿದೆವು. ದಿಂಬು ಬೇಗ ಹತ್ತಿಕೊಳ್ಳಲಿಲ್ಲ, ಮೇಸ್ತ್ರಿ ಕೋಲಿನಿಂದ ಮಗುಚಿ ಹಾಕಿದ. ಎರಡು ಮಗ್ಗುಲೂ ಒಂದೇ ಥರ ಇದ್ದವು. ಚೀಲ ಒಗೆಯುವಾಗಲೂ ಅವರ ಕಲೆಯನ್ನಷ್ಟೇ ಹುಡುಕಿದ್ದೆ, ನನ್ನ ಮಗ್ಗುಲನ್ನು ಯಾವತ್ತೂ ಬೆಳಕಿಗೆ ಹಿಡಿದು ನೋಡಿರಲೇ ಇಲ್ಲ.

ಅಣ್ಣನನ್ನು ಬೆಟ್ಟದ ಆಸ್ಪತ್ರೆಗೆ ಕಳಿಸಿದರು. ನನಗೆ ಅಲ್ಲಿ ಜಾಗವಿಲ್ಲ, ಪಟ್ಟಿಯಲ್ಲಿ ಹೆಸರಿದೆ. ಕರೆಯುವವರೆಗೆ ಮನೆಯಲ್ಲಿ ಬೇರೆ ಕೋಣೆಯಲ್ಲಿರಬೇಕು. ಮೇಲ್ ಎಕ್ಸ್‌ಪ್ರೆಸ್ ಹತ್ತಿಸಲಿಲ್ಲ. ಸಾಮಾನು ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂರಿಸಿದರು.

ಜೂನ್ ೧೦, ಮಂಗಳವಾರ

ಮನೆಯ ಹಿಂದಿನ ಸೌದೆ ಕೋಣೆ ಖಾಲಿ ಮಾಡಿ ಹೆಂಡತಿ ಮಂಚ ಹಾಕಿದ್ದಾಳೆ. ತಟ್ಟೆ, ಲೋಟ ಬೇರೆ. ಬಕೆಟ್ಟೂ ಬೇರೆ. ಗೋಡೆಯ ಆಚೆ ಅಡುಗೆಮನೆ, ಎಲ್ಲ ಕೇಳಿಸುತ್ತದೆ.

ಮೊದಲ ದಿನ ಹೆಂಡತಿ ಬಾಗಿಲ ಹೊರಗೆ ನಿಂತು ಕೇಳಿದಳು. "ಫೆಬ್ರವರಿಯಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಮನೆಗೆ ಬಂದು ಹೋಗಿ ಮಾಡ್ತಿದ್ರಾ?"

"ಇನ್ನೆಲ್ಲಿಗೆ ಹೋಗಲಿ?"

"ಅವರಿಗೆ ಕಿಟಕಿ ಇರೋ ಕೋಣೆ ಬೇಕಿತ್ತು. ನಿಮಗೇನು ಬೇಕಿತ್ತು?"

ತಟ್ಟೆ ಹೊಸ್ತಿಲ ಮೇಲಿಟ್ಟು ಹೋದಳು. ಠಸ್ಸೆ ಎಂದು ಈಗ ಕರೆಯುವುದಿಲ್ಲ.

ಜೂನ್ ೧೯, ಗುರುವಾರ

ಪುಟ್ಟಿ ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದಳು. "ಅಪ್ಪಾ, ಬೆಕ್ಕಿದೆಯಾ?"

"ಇಲ್ಲ ಕಂದಾ, ಬೆಕ್ಕು ಹೋಯ್ತು."

"ಹಾರಿಹೋಯ್ತಾ?"

ಹೆಂಡತಿ ಬಂದು ಎತ್ತಿಕೊಂಡು ಹೋದಳು. ಅದಕ್ಕೆ ಮುಂಚೆ ಪುಟ್ಟಿಯ ಬೆರಳು ಸಂದಿಯಲ್ಲಿ ತೂರಿ ಬಂದದ್ದನ್ನು ಕಂಡೆ, ಮುಟ್ಟಲಿಲ್ಲ. ನಿನ್ನೆ ಇಬ್ಬರನ್ನೂ ಊರ ಡಾಕ್ಟರು ನೋಡಿದ್ದಾರೆ. ಈಗ ಏನೂ ಕಾಣಿಸುತ್ತಿಲ್ಲ, ಕಾದು ನೋಡೋಣ ಎಂದರಂತೆ. ಕಾಯುವುದನ್ನು ಬಿಟ್ಟರೆ ನನಗೆ ಬೇರೆ ಕೆಲಸವಿಲ್ಲ. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಎಚ್ಚರವಾಗುತ್ತದೆ. ದಿಂಬು ಮಗುಚುತ್ತೇನೆ, ಮತ್ತೆ ನಾನೇ ಮಲಗುತ್ತೇನೆ.

ಜೂನ್ ೩೦, ಸೋಮವಾರ

ಅಣ್ಣನ ಸರ್ವಿಸ್ ಇವತ್ತಿಗೆ ಪೂರ್ತಿಯಾಗುತ್ತಿತ್ತು.

ಬೆಳಗ್ಗೆ ಅವರ ಕಾಗದ ಬಂತು. ನಮ್ಮ ಮೇಲ್ ಎಕ್ಸ್‌ಪ್ರೆಸ್‌ನದೇ ಮುದ್ರೆ. ನನ್ನ ಜಾಗದಲ್ಲಿ ಈಗಿರುವವನು ಯಾರೋ, ಓರೆಯಾಗಿ ಒತ್ತಿದ್ದಾನೆ. ಅಣ್ಣನ ಕೈಬರಹ ನೋಡಿದ್ದು ಇದೇ ಮೊದಲು, ದೊಡ್ಡ ದೊಡ್ಡ ಅಕ್ಷರ.

"ಇಲ್ಲಿ ನನ್ನ ಮಂಚ ಕಿಟಕಿಯ ಪಕ್ಕದಲ್ಲೇ ಇದೆ. ಮಂಚ ನನ್ನೊಬ್ಬನದೇ. ಆದರೂ ಏಳುವಾಗ ದಿಂಬು ಮಗುಚುತ್ತೇನೆ, ನರ್ಸಮ್ಮ ನಗುತ್ತಾರೆ. ನಿಮ್ಮ ಹೆಸರು ಪಟ್ಟಿಯಲ್ಲಿ ಎಷ್ಟನೆಯದು? ಬಂದರೆ ಪಕ್ಕದ ಮಂಚ ಕೇಳಿ ಇಡುತ್ತೇನೆ. ಪುಟ್ಟಿ ಹೇಗಿದ್ದಾಳೆ? ಅದೊಂದು ಮಾತ್ರ ಬರೆಯಿರಿ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ."

ಇದೇ ನೋಟ್‌ಬುಕ್ಕಿನ ಹಾಳೆ ಹರಿದು ಉತ್ತರ ಬರೆಯಲು ಕುಳಿತೆ. ಪುಟ್ಟಿ ಚೆನ್ನಾಗಿದ್ದಾಳೆ ಎಂದು ಶುರುಮಾಡಿದೆ. ‘ಪುಟ್ಟಿ’ ಎಂದು ಬರೆದಿದ್ದೆ, ಅಷ್ಟರಲ್ಲಿ ಗೋಡೆಯ ಆಚೆ ಅವಳು ಕೆಮ್ಮಿದಳು. ಸಣ್ಣ ಕೆಮ್ಮು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಗೋಡೆಗೆ ಬಾಯಿಟ್ಟು ಕೂಗಿದೆ. "ಒಲೆ ಹೊಗೆ ಇರಬೇಕು ಕಣೇ, ಕಿಟಕಿ ತೆಗಿ!"

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು.

"ಒಲೆ ಇನ್ನೂ ಹಚ್ಚೇ ಇಲ್ಲ ಕಣ್ರೀ."